ಪೀರಪ್ಪ ವಲ್ದ್ ಮಾಣಿಕಪ್ಪನ ಬಂದೂಕು

ಹುಡುಗಿಯರ ಹಾಸ್ಟೆಲ್, ಕುಸನೂರ ರಸ್ತೆ
ಕಲಬುರ್ಗಿ
11-9-1994

ಮುತ್ಯಾನಿಗೆ ಭೀಮಬಾಯಿಯ ನಮಸ್ಕಾರ.

ಬರೆಯಬಾರದು ಅಂದುಕೊಳ್ಳುತ್ತಲೇ ಬರೆಯುತ್ತಿದ್ದೇನೆ, ಮೊದಲು ಅದಕ್ಕೇ ಸಾರಿ. ನಿನಗೆ ಓದಲು ಬರುವುದಿಲ್ಲ. ಪಕ್ಕದ ಮನೆಯ ಮುನೀರಾ ಹೊಲಿಗೆ ಮಷೀನು ನಿಲ್ಲಿಸಿ ಓದಿ ಹೇಳಬೇಕು, ಪಾಪ ಅವಳ ಕೆಲಸ ಕೆಡುತ್ತದೆ. ಅಪ್ಪ ಹಾಸ್ಟೆಲಿಗೆ ಬಂದಾಗ ಬಾಯಿಮಾತಿನಲ್ಲೇ ಹೇಳಿ ಕಳಿಸಬಹುದಿತ್ತು. ಆದರೆ ಇದು ಅಪ್ಪನ ಕಿವಿಗೆ ಬೀಳಬಾರದ ಮಾತು. ಮುನೀರಾ, ಅಪ್ಪ ಕರೆಂಟಿನ ಲೈನ್ ಡ್ಯೂಟಿಯಿಂದ ಬಂದಿದ್ದರೆ ಇಲ್ಲಿಗೇ ಮಡಚಿಟ್ಟುಬಿಡು.

ನಿನ್ನೆ ನಮ್ಮ ಬಿ.ಎಸ್ಸಿ. ಫಸ್ಟ್ ಇಯರಿನವರನ್ನೆಲ್ಲ ಹಳೇ ವಸ್ತುಗಳ ಎಗ್ಝಿಬಿಶನ್ನಿಗೆ ಕರೆದೊಯ್ದಿದ್ದರು. ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಬಂದೂಕು ಇತ್ತು. ನಮ್ಮದೇ ಅಲ್ಲ, ನಮ್ಮದರ ಅಣ್ಣನೋ ತಮ್ಮನೋ ಇರಬೇಕು. ಅದೇ ಉದ್ದ ಕೊಳವೆ, ಮರದ ಹಿಡಿಯ ಮೇಲೆ ಅದೇ ಹಿತ್ತಾಳೆಯ ಹೂವು. ನಮ್ಮದರಲ್ಲಿ ಒಂದು ಎಸಳು ಕಿತ್ತುಹೋಗಿತ್ತು, ಇದರಲ್ಲಿ ಎಲ್ಲ ಇದ್ದವು. ಜೊತೆಗೆ ಬಂದಿದ್ದ ಸರ್ ಹೇಳಿದರು, ಇಂಥವು ಈ ಕಡೆ ನಾಲ್ಕೋ ಐದೋ ಉಳಿದಿರಬಹುದು, ಮನೆಯಲ್ಲಿ ಇದ್ದವರು ಬೆಲೆ ತಿಳಿಯದೆ ಮೋಡಕಾ ಗುಜರಿಗೆ ಹಾಕಿಬಿಟ್ಟರು, ಅಂಥ ಬುದ್ಧಿವಂತರು ನಮ್ಮ ಜನ ಅಂತ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಎಷ್ಟೋ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಮೇ ತಿಂಗಳ ಆ ದಿನ ನಿನಗೂ ನೆನಪಿರಬೇಕು. ವಹಾಬ್ ಸೇಠ್ ಟೆಂಪೋ ನಿಲ್ಲಿಸಿ, ಹಳೇ ತಾಮ್ರ ಹಿತ್ತಾಳೆ ಕೆತ್ತಿದ ಬಾಗಿಲು ಕೇಳುತ್ತ ನಮ್ಮ ಓಣಿಗೆ ಬಂದರು. ನನ್ನ ಕೈಯಲ್ಲಿ ಪುಸ್ತಕ ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸಿದರು. ಕಮಲಾಪುರದಲ್ಲಿ ನನ್ನೊಡನೆ ಇಂಗ್ಲಿಷ್ ಮಾತಾಡಿದ ಮೊದಲ ಮನುಷ್ಯ ಅವರು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಕೂಡಿಟ್ಟ ಇಂಗ್ಲಿಷನ್ನೆಲ್ಲ ಒಂದೇ ಮಧ್ಯಾಹ್ನ ಖರ್ಚು ಮಾಡಿದೆ. ಜಂತಿಗೆ ತೂಗುಹಾಕಿದ್ದ ಬಂದೂಕನ್ನು ತೋರಿಸಿದವಳು ನಾನು. ರೇಟು ಮಾತಾಡಿದವಳೂ ನಾನೇ. "ಮುತ್ಯಾ, ಜಂಗ ಹಿಡದ ಕೊಳವಿ, ಕೊಟ್ಟಬಿಡು. ಒಂದು ಟೇಬಲ್ ಫ್ಯಾನರೆ ಬರ್ತದ" ಎಂದೆ. ನೀನು ಸೇಠರ ಮುಖ ನೋಡಲಿಲ್ಲ, ನನ್ನ ಮುಖ ನೋಡಿ, "ನೀ ಅಂತಿ ಅಂದ್ರ ಒಯ್ಯಲಿ" ಅಂದೆ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳಾಡಿ ಮರೆತುಬಿಡುತ್ತಿದ್ದೆ.

ನಿನಗೆ ನನ್ನ ಮೇಲೆ ಸಿಟ್ಟಿದೆಯೇ? ಸುತ್ತಿಬಳಸದೆ ಹೇಳು. ಸೇಠರ ಅಂಗಡಿ ಇಲ್ಲೇ ಸೂಪರ್ ಮಾರ್ಕೆಟ್ ಹಿಂದೆ ಇದೆಯಂತೆ. ಹೋಗಿ ಕೇಳಲೇ?

ನಿನ್ನ ಮೊಮ್ಮಗಳು
ಭೀಮಬಾಯಿ

* * *

ಕಮಲಾಪುರ
22-9-1994

ಭೀಮಿಗೆ ಮುತ್ಯಾನ ಆಶೀರ್ವಾದ. ನಾ ಹೇಳ್ತೀನಿ, ಮುನೀರಾ ಬರೀತಾಳ. ನಾ ಹೇಳಿದ್ದರ ನಡುವ ತಂದೊಂದು ತುರಕ್ತಾಳ, ಅದು ನಂದಲ್ಲ.

(ತುರಕಲಿಲ್ಲಂದ್ರ ನಿಮ್ಮ ಮುತ್ಯಾನ ಕಾಗದ ಎರಡು ಸಾಲಿಗೇ ಮುಗೀತದ. ನನ್ನ ಮಷೀನು ನಿಲ್ಲಿಸಿದ್ದಕ್ಕರೆ ಲೆಕ್ಕ ಬ್ಯಾಡಾ? — ಮುನೀರಾ)

ಸಿಟ್ಟು ಯಾಕ ಬರ್ತದವ್ವ. ಅದನ್ನ ಹೊಡದು ನಲವತ್ತು ವರ್ಷದ ಮ್ಯಾಲ ಆಯ್ತು. ಕೆಂಪ ಬಾಳಿ ತೋಟ ಕಾಯೂ ಮುಂದ ಹಂದಿ ಬರ್ತಿದ್ವು, ಒಂದ ಸಪ್ಪಳ ಮಾಡಿದ್ರ ಮಹಾಗಾಂವ ತನಕ ಓಡ್ತಿದ್ವು. ಈಗ ತೋಟನೂ ಇಲ್ಲ, ಹಂದೀನೂ ಇಲ್ಲ. ಫ್ಯಾನ ಛಲೋ ತಿರಗ್ತದ. ನಿಮ್ಮಪ್ಪ ಅದರ ಮುಂದ ಮಲಗ್ತಾನ.

(ಮುತ್ಯಾ ಮಾತ್ರ ಹೊರಗ ಕಟ್ಟಿಗಿ ಮಲಗ್ತಾನ. ಫ್ಯಾನಿನ ಗಾಳಿ ಮೈಗಿ ಹತ್ತಂಗಿಲ್ಲ ಅಂತ. — ಮು.)

ನಿಮ್ಮಪ್ಪ ಮೊದಲೆಲ್ಲಾ ದಿನಾ ಊಟಕ್ಕ ಕುಂತಾಗ ಅಂತಿದ್ದ, ಎರಡೆಕ್ರಿ ಹೊಲ ಬಿಟ್ಟು ಕೊಳವಿ ತಂದಿ ಅಂತ. ಈಗ ಅದೂ ಅನ್ನೂದು ಬಿಟ್ಟಾನ. ಅನ್ನಲಿಲ್ಲಂದ್ರ ರೊಟ್ಟಿ ರುಚಿ ಹತ್ತವಲ್ದು.

ಆ ಮಾತು ನಿನಗ ಪೂರಾ ಗೊತ್ತಿಲ್ಲ, ಹೇಳ್ತೀನಿ. ಜಹಗೀರದಾರ್ರು ಊರು ಬಿಟ್ಟು ಹೈದ್ರಾಬಾದಿಗಿ ಹೋಗೂ ಮುಂದ ನನಗ ಕರದ್ರು. ಹನ್ನೆರಡು ವರ್ಷ ತೋಟ ಕಾದಿ, ಹಳ್ಳದ ದಂಡಿ ಎರಡೆಕ್ರಿ ಬೇಕೋ ಈ ಬಂದೂಕ ಬೇಕೋ ಅಂದ್ರು. ಬಂದೂಕ ಅಂದೆ. ಮಂದಿ ನಕ್ಕರು. ಹೊಲದ ಕಾಗದ ಅವರ ಕಾರಕೂನನ ಪೆಟ್ಟಿಗ್ಯಾಗ ಇರ್ತಿತ್ತು. ಬಂದೂಕಿನ ಲೈಸೆನ್ಸ್ ಬುಕ್ಕ ನನ್ನ ಕಿಸೆದಾಗ ಇರ್ತದ. ಅಷ್ಟು ತಿಳದಿತ್ತು ನನಗ.

ಸೇಠನ ಕಡಿ ಹೋಗಬ್ಯಾಡ. ಕೊಟ್ಟಿದ್ದು ಕೇಳಬಾರ್ದು. ಅಭ್ಯಾಸ ಮಾಡು.

ಹೆಬ್ಬೆಟ್ಟು, ಪೀರಪ್ಪ

* * *

ಕಮಲಾಪುರ
19-10-1994

ಭೀಮಿಗೆ ಆಶೀರ್ವಾದ.

ಕವರಿನ್ಯಾಗ ಬನ್ನಿ ಎಲಿ ಇಟ್ಟೀನಿ, ತಗೋ. ದಸರಾಕ್ಕ ಬರ್ತಿ ಅಂತ ನನ್ನ ಮನಿಯಾಕಿ, ನಿಮ್ಮ ಆಯಿ, ದಾರಿ ನೋಡಿದಳು. ಪರೀಕ್ಷಾ ಅದ ಅಂತ ನಿಮ್ಮಪ್ಪ ಹೇಳಿದ. ಇರಲಿ.

(ಪರೀಕ್ಷಾ ಇರಲಿಲ್ಲಂತ ನನಗ ಗೊತ್ತದ. ನನ್ನ ತಂಗಿನೂ ಅದೇ ಕಾಲೇಜಿನ್ಯಾಗ ಓದ್ತಾಳ, ಮರ್ತಿ ಏನು? ಹೇಳಿಲ್ಲ ಬಿಡು. — ಮು.)

ಖಂಡೆ ಪೂಜಿಗಿ ನಿಮ್ಮ ಆಯಿ ಕಟಗಿ ಮಣಿ ಹಾಕಿ ಕುಡಗೋಲು, ಕೊಡ್ಲಿ, ನಿಮ್ಮಪ್ಪನ ಕರೆಂಟಿನ ಪಕ್ಕಡ ಎಲ್ಲಾ ಇಟ್ಟಳು. ನಡುವ ಬಂದೂಕ ಮಲಗಸೂವಷ್ಟು ಜಾಗ ಬಿಟ್ಟಳು. ಅಭ್ಯಾಸ ಬಿದ್ದದ. ಖಾಲಿ ಮಣಿಗೇ ಅರಿಷಿಣ ಕುಂಕುಮ ಹಚ್ಚಿ, ಹಚ್ಚಿದ ಮ್ಯಾಲ ನೋಡಿದಳು.

ಈಗ ಇನ್ನೊಂದು. ಎಲೆಕ್ಷನ್ ಬಂತಲ್ಲ. ಲೈಸೆನ್ಸಿನ ಬಂದೂಕ ಇದ್ದವರೆಲ್ಲ ಠಾಣಿಗಿ ತಂದು ಇಡಬೇಕು, ಓಟು ಮುಗದ ಮ್ಯಾಲ ರಸೀದಿ ತೋರಿಸಿ ಒಯ್ಬೇಕು. ಪ್ರತಿ ಎಲೆಕ್ಷನ್ನಿಗೂ ಅದೇ ಕಾನೂನು. ಮೊನ್ನಿ ಪೊಲೀಸ ಬಂದು ಚೀಟಿ ಕೊಟ್ಟ ಹೋಗ್ಯಾನ. ಅವರ ಪಟ್ಟಿದಾಗ ನನ್ನ ಹೆಸರು ಅದ. ಬಂದೂಕ ಇಲ್ಲ.

ಅವತ್ತ ಸೇಠ ಬುಕ್ಕ ಕೇಳಲಿಲ್ಲ. ನಾ ಖುಷಿ ಪಟ್ಟೆ ನೋಡು. ಕೊಳವಿ ಹೋದ್ರ ಹೋಗಲಿ, ಬುಕ್ಕ ಉಳೀತು ಅಂದ್ಕೊಂಡೆ. ಎರಡೂ ಕೂಡೇ ಇರಬೇಕಂತ. ನನಗೇನು ಗೊತ್ತು.

ಖರೇ ಹೇಳಲಿ? ನಾ ಬಂದೂಕ ಇಟ್ಟಿದ್ದೇ ಠಾಣಿಗಿ ಒಯ್ಯಾಕ. ಅವತ್ತ ಸಾಲು ಹಚ್ತಾರ. ಗೌಡ್ರು, ಪಾಟೀಲ್ರು, ಅಂಗಡಿ ಸಾಹುಕಾರ್ರು, ಎಲ್ಲಾರೂ ಹೆಗಲ ಮ್ಯಾಲ ಬಂದೂಕ ಇಟ್ಕೊಂಡು ನಿಂದ್ರತಾರ. ಅವರ ನಡುವ ನಾ. ಮುಂದ ಹೋಗು ಹಿಂದ ಸರಿ ಅನ್ನಾಂಗಿಲ್ಲ ಯಾರೂ, ನಂಬರ ಹಾಕಿರ್ತಾರ. ಜಮಾದಾರ ಬುಕ್ಕ ನೋಡಿ ಕೂಗ್ತಾನ: "ಪೀರಪ್ಪ ವಲ್ದ್ ಮಾಣಿಕಪ್ಪ!" ವಲ್ದ್ ಅಂದ್ರ ಮಗ. ಊರಾಗ ನನಗ ಪೀರ್ಯಾ ಅಂತಾರ. ನಮ್ಮಪ್ಪ ಸಾಯೂ ತನಕ ಮಾಣಿಕ್ಯಾನೇ ಇದ್ದ. ಐದು ವರ್ಷಕ್ಕೊಂದು ದಿನ ನನಗ ನಮ್ಮಪ್ಪಗ ಇಬ್ಬರಿಗೂ ಪೂರಾ ಹೆಸರು ಇರ್ತದ. ಮಂದಿ ಎಲೆಕ್ಷನ್ ಬಂದ್ರ ಒಂದು ದಾರಿ ನೋಡ್ತಾರ, ನಾ ಈ ಸಾಲಿನ ದಾರಿ ನೋಡ್ತಿದ್ದೆ.

ಇಷ್ಟೆಲ್ಲ ಬರೀಬ್ಯಾಡ ಅಂದೆ, ಮುನೀರಾ ಬರದಾಳ.

(ಬರದೀನಿ. — ಮು.)

ಹೆಬ್ಬೆಟ್ಟು, ಪೀರಪ್ಪ

* * *

ಕಲಬುರ್ಗಿ
27-10-1994

ಮುತ್ಯಾ,

ನಿನ್ನ ಕಾಗದ ಬಂದ ದಿನವೇ ಕ್ಲಾಸು ಬಿಟ್ಟು ವಹಾಬ್ ಸೇಠರ ಅಂಗಡಿ ಹುಡುಕಿಕೊಂಡು ಹೋದೆ. ಬೇಡ ಎಂದು ನೀನು ಅಂದಿದ್ದೆ, ಆದರೂ ಹೋದೆ. ಸೂಪರ್ ಮಾರ್ಕೆಟಿನಲ್ಲಿ ಆಟೋದವರ ನಡುವೆ ನಾಲ್ಕು ಸಲ ದಾರಿ ತಪ್ಪಿದೆ. ಬಂಗಾರದಂಗಡಿಯ ಹಿಂದಿನ ಸಂದಿಯಲ್ಲಿ ಒಂದು ಕತ್ತಲೆ ಕೋಣೆ, ತುಂಬ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು.

ಸೇಠರು ಗುರುತು ಹಿಡಿದರು. "ಆಯಿಯೇ, ಬರ್ರಿ ಮಿಸ್, ಮನ್ಯಾಗ ಮತ್ತೇನರೆ ಸಿಕ್ತೇನು?" ಎಂದು ಸ್ಟೂಲು ಒರೆಸಿಕೊಟ್ಟರು. ನಾನು ಬಂದೂಕು ವಾಪಸು ಬೇಕು ಅಂದೆ. ಲೈಸೆನ್ಸಿನ ಮಾತು ತೆಗೆದೊಡನೆ ಅವರ ಮುಖದ ಬಣ್ಣವೇ ಹೋಯಿತು.

"ಲೈಸೆನ್ಸ್? ಅರೇ ಬೇಟಿ, ನಾ ಕೇಳಿಲ್ಲ? ಮೂರು ಸಲ ಕೇಳೀನಿ, ಪೇಪರ್ ಅದಾವೇನು ಅಂತ. ನೀ ಏನಂದಿ? 'ನೋ ಪೇಪರ್ಸ್, ಓನ್ಲಿ ಡೆಕೊರೇಶನ್' ಅಂದಿ. ನಾನೂ ನಂಬಿದೆ. ಇಂಗ್ಲಿಷ್ ಓದಿದ ಹುಡುಗಿ, ಸುಳ್ಳ್ಯಾಕ ಹೇಳ್ತಾಳ ಅಂದ್ಕೊಂಡೆ. ಈಗ ಪೊಲೀಸ್ರು ನನ್ನ ಗಲ್ಲಾ ಮ್ಯಾಲ ಬಂದು ಕುಂದ್ರಬೇಕಾ?"

ಹೌದು ಮುತ್ಯಾ. ಹಾಗಂತ ಹೇಳಿದ್ದೆ. ನೀನು ಪಕ್ಕದಲ್ಲೇ ಕೂತಿದ್ದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ನಿನಗೆ ತಿಳಿಯಲಿಲ್ಲ. ನೀನು ಬುಕ್ಕು ಉಳಿಯಿತು ಎಂದು ಖುಷಿಪಟ್ಟದ್ದನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಬಂದೂಕು ಈಗ ಇಲ್ಲ. ಹೈದರಾಬಾದಿನ ಯಾವುದೋ ಹೋಟೆಲಿನ ಗೋಡೆ ಸೇರಿದೆ. ಗುಂಡು ಹಾರಬಾರದೆಂದು ಕೊಳವೆಗೆ ತೂತು ಹಾಕಿಸಿ ಮಾರಿದರಂತೆ. "ಕಾಗದ ಬರದ್ರೂ ಅವ್ರು ಕೊಡಂಗಿಲ್ಲ, ಕೊಟ್ರೂ ಅದು ಬಂದೂಕಲ್ಲ ಈಗ" ಅಂದರು. ಸಿಟ್ಟಿನಿಂದ ಎದ್ದವರು ಮತ್ತೆ ಕೂತರು. "ನನ್ನ ಹಣೆಬರಹ ಏನು ಕೇಳ್ತಿ. ಇಪ್ಪತ್ತು ವರ್ಷದ ಧಂದಾದಾಗ ಅಂಥಾ ಹೂವಿನ ಹಿಡಿ ಎರಡೇ ಸಿಕ್ಕಿದ್ವು. ಎರಡೂ ಮಾರಿದೆ. ಮಾರಿದ ದಿನ ಖುಷಿ, ಮರುದಿನದಿಂದ ಹಾಯ್ ಹಾಯ್. ಈ ಗೋಡೆ ನೋಡು, ಮೊಳೆ ಇನ್ನೂ ಅದೇ ಜಾಗದಾಗ ಬಿಟ್ಟೀನಿ." ನೋಡಿದೆ. ನಿಜವಾಗಿಯೂ ಖಾಲಿ ಮೊಳೆ ಇತ್ತು.

ಕೊನೆಗೆ ಒಂದು ಮಾತು ಹೇಳಿದರು. ನಾನು ಠಾಣೆಗೆ ಬಂದು, ಪೇಪರ್ ಇಲ್ಲವೆಂದು ಹೇಳಿದ್ದು ನಾನೇ ಎಂದು ಬರೆದುಕೊಟ್ಟರೆ, ತಾವೂ ಬಂದು ಕೊಂಡದ್ದನ್ನೂ ಮಾರಿದ್ದನ್ನೂ ಬರೆದುಕೊಡುತ್ತಾರಂತೆ. ಇಲ್ಲವಾದರೆ ಪೀರಪ್ಪ ಯಾರೋ ತಮಗೆ ಗೊತ್ತೇ ಇಲ್ಲ ಎನ್ನುತ್ತಾರಂತೆ. ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ಮುತ್ಯಾ, ನನಗೆ ತುಂಬ ಹೆದರಿಕೆ. ಪೊಲೀಸು, ಸ್ಟೇಟ್‌ಮೆಂಟು, ಕಾಲೇಜಿಗೆ ಗೊತ್ತಾದರೆ ಕ್ಯಾರಕ್ಟರ್ ಸರ್ಟಿಫಿಕೇಟು. ಒಂದಿಷ್ಟು ದಿನ ಠಾಣೆಗೆ ಹೋಗಬೇಡ. ಏನಾದರೂ ದಾರಿ ಸಿಕ್ಕೀತು.

ಯಾಕೆ ಹಾಗೆ ಹೇಳಿದೆ ಎಂದು ಸೇಠರು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿದೆ. ಇನ್ನೊಮ್ಮೆ ಬರೆಯುತ್ತೇನೆ.

ಭೀಮಬಾಯಿ

* * *

ಕಮಲಾಪುರ
5-11-1994

ಭೀಮಾ,

ಇದು ಮುತ್ಯಾ ಹೇಳಿ ಬರೆಸಿದ್ದಲ್ಲ, ನಾನೇ ಬರೀತಿದೀನಿ. ನಿನ್ನ ಕಾಗದ ಓದಿ ಹೇಳಿದೆ. ಪೇಪರಿನ ಮಾತು ಬಂದಾಗ ಮುತ್ಯಾ "ಮತ್ತೊಮ್ಮಿ ಓದು" ಅಂದ. ಓದಿದೆ. "ಹುಡುಗಿ ಸಣ್ಣದು, ತಿಳದಿಲ್ಲ" ಅಂದು ಎದ್ದು ಹೋದ. ಮರುದಿನ ಬೆಳಿಗ್ಗೆ ಬಿಳಿ ಅಂಗಿ ಹಾಕಿ, ರುಮಾಲು ಸುತ್ತಿ, ಬುಕ್ಕು ಕಿಸೆಯಲ್ಲಿಟ್ಟು ಠಾಣಿಗೆ ಹೋಗಿ ಸಾಲಿನಲ್ಲಿ ನಿಂತಿದ್ದಾನೆ. ಬರಿಗೈಯಲ್ಲಿ!

ನಮ್ಮ ಅಣ್ಣ ಶಬ್ಬೀರ್ ಅಲ್ಲೇ ಚಹಾದಂಗಡಿಯಲ್ಲಿ ಇದ್ದ, ಎಲ್ಲ ನೋಡಿದ್ದಾನೆ. ಜಮಾದಾರ ಹೆಸರು ಕೂಗಿದ. ಮುತ್ಯಾ ಮುಂದೆ ಹೋದ.

"ಬಂದೂಕ ಎಲ್ಲಿ ಮುತ್ಯಾ?"

"ಬಾವಿಗಿ ಬಿತ್ರಿ ಸಾಹೇಬ್ರ."

"ಬಾವಿಗಿ? ನೀರು ಸೇದಾಕ ಬಂದೂಕ ಒಯ್ದಿದ್ದಿ ಏನು?"

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಿನ್ನ ಹೆಸರು ಬರಬಾರದು ಅಂತ ಮುತ್ಯಾ ಹೇಳಿದ ಸುಳ್ಳು ಅದು. ಸುಳ್ಳು ಹೇಳಿ ರೂಢಿ ಇದ್ದವರಾದರೆ ಛಲೋದೊಂದು ಹೇಳುತ್ತಿದ್ದರು.

ಜಮಾದಾರ ಬಿಡಲಿಲ್ಲ. ಈಸಬಲ್ಲ ನಾಲ್ಕು ಮಂದಿಯನ್ನು ಹಳೇ ಬಾವಿಗೆ ಇಳಿಸಿದ. ಊರೆಲ್ಲ ಬಾವಿ ದಂಡೆಗೆ ಬಂತು. ಎರಡು ತಾಮ್ರದ ಕೊಡ ಬಂದವು, ನಂದು ನಂದು ಅಂತ ಇಬ್ಬರು ಹೆಂಗಸರು ಜುಟ್ಟು ಹಿಡಕೊಂಡರು. ಒಂದು ಸೈಕಲ್ ಗಾಲಿ ಬಂತು. ನಾಲ್ಕು ವರ್ಷದ ಹಿಂದೆ ಕಳೆದ ನನ್ನ ಕತ್ತರಿ ಬಂತು. ಬಂದೂಕು ಎಲ್ಲಿಂದ ಬರಬೇಕು? ಮುತ್ಯಾ ಬಿಸಿಲಲ್ಲಿ ಕೂತು, ಪ್ರತಿ ಸಲ ಹಗ್ಗ ಮೇಲೆ ಬಂದಾಗ ಖರೇನೇ ಬರುತ್ತದೆ ಅನ್ನುವ ಹಾಗೆ ಬಗ್ಗಿ ನೋಡುತ್ತಿದ್ದ. ಅದನ್ನು ನೋಡೋಕೆ ಆಗಲಿಲ್ಲ ನನಗೆ.

ಈಗ ಜಮಾದಾರ ಸೋಮವಾರ 14ನೇ ತಾರೀಖಿನ ತನಕ ವಾಯಿದೆ ಕೊಟ್ಟಿದ್ದಾನೆ. ಬಂದೂಕು ತೋರಿಸಬೇಕು, ಇಲ್ಲ ಎಲ್ಲಿ ಹೋಯಿತು ಅಂತ ಖರೇ ಹೇಳಬೇಕು. ಎರಡೂ ಇಲ್ಲವಾದರೆ ಕೇಸು, ಮುತ್ಯಾನನ್ನು ಕಲಬುರ್ಗಿಗೆ ಒಯ್ಯುತ್ತಾರೆ. ಎಪ್ಪತ್ನಾಲ್ಕು ವಯಸ್ಸು, ನೆನಪಿರಲಿ.

ನಿಮ್ಮ ಅಪ್ಪನಿಗೂ ಗೊತ್ತಾಯಿತು. ಫ್ಯಾನಿನ ವಯರು ಕಿತ್ತು ಮೂಲೆಗೆ ಇಟ್ಟ. "ಹೊಲ ಹೋಯ್ತು, ಬಂದೂಕ ಹೋಯ್ತು, ಈಗ ನಮ್ಮಪ್ಪನ್ನೂ ಒಯ್ತಾರೇನು?" ಅಂದ. ಬೈಯಲಿಲ್ಲ. ನಿಮ್ಮ ಮನೆಯವರು ಬೈಯೋದೇ ಬಿಟ್ಟಿದ್ದಾರೆ, ಅದೇ ನನಗೆ ಅಂಜಿಕೆ.

ನೀನು ಜಾಣಿ ಇದ್ದಿ, ಇಂಗ್ಲಿಷ್ ಓದಿದಿ. ಹಾಸ್ಟೆಲಿನಲ್ಲಿ ಕೂತು ಹೆದರಿಕೆ ಹೆದರಿಕೆ ಅಂತ ಬರಿಯಬೇಡ. ಇಲ್ಲಿ ಹೆದರಬೇಕಾದ ಮನುಷ್ಯ ಬ್ಯಾರೆನೇ ಇದ್ದಾನೆ.

ಮುನೀರಾ

* * *

ಕಲಬುರ್ಗಿ
9-11-1994

ಮುತ್ಯಾನಿಗೆ,

ಮುನೀರಾ, ಈ ಕಾಗದವನ್ನು ನಿಧಾನವಾಗಿ ಓದು. ನಡುವೆ ನಿಲ್ಲಿಸಬೇಡ. ಅಪ್ಪ ಇದ್ದರೂ ಓದು.

ಸೋಮವಾರ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತೇನೆ. ವಹಾಬ್ ಸೇಠರೂ ಬರುತ್ತಾರೆ. ನಿನ್ನೆ ಮತ್ತೆ ಹೋಗಿ ಕೇಳಿದೆ. ಮೊದಲು ಗೊಣಗಿದರು, ಆಮೇಲೆ ಬಾವಿಯ ಕಥೆ ಕೇಳಿ ಒಪ್ಪಿದರು. "ಚಲೋ, ಮುದುಕನ್ನ ಬಾವಿ ದಂಡಿಗಿ ಕುಂದ್ರಸೂದು ಬ್ಯಾಡ" ಅಂದರು. ಅಲ್ಲಿಯವರೆಗೆ ಜಮಾದಾರರ ಮುಂದೆ ಬಾವಿಯ ಮಾತನ್ನು ಇನ್ನೊಮ್ಮೆ ಎತ್ತಬೇಡ. ನನ್ನ ಮೇಲಿನ ಪ್ರೀತಿಗೂ ಎತ್ತಬೇಡ.

ಯಾಕೆ ಪೇಪರ್ ಇಲ್ಲ ಅಂದೆ, ಅದನ್ನು ಹೇಳಬೇಕಿತ್ತು.

ನನಗೆ ಹತ್ತು ವರ್ಷ ಇದ್ದಾಗ ನೀನು ಟ್ರಂಕಿನಿಂದ ಬುಕ್ಕು ತೆಗೆದು, ನನ್ನ ಬೆರಳು ಹಿಡಿದು ಮೊದಲ ಪುಟದ ಮೇಲೆ ಓಡಿಸಿದ್ದೆ. ನಿಜಾಮರ ಕಾಲದ್ದು, ಎಲ್ಲ ಉರ್ದು. "ಇದು ನಾ. ಇದು ನಮ್ಮಪ್ಪ. ಇದು ನಮ್ಮ ಕೌಮು" ಎಂದಿದ್ದೆ. ಕೌಮು ಅಂದರೇನು ಎಂದು ನಾನು ಕೇಳಿದೆ, ಜಾತಿ ಎಂದು ನೀನು ಹೇಳಿದೆ. ನಿನಗೆ ಮೂರೂ ಸಾಲು ಒಂದೇ ಆಗಿದ್ದವು. ನಾನು ಆಮೇಲೆ ಹಾಸ್ಟೆಲುಗಳಲ್ಲಿ ಬೆಳೆದೆ. ಎಲ್ಲ ಫಾರ್ಮಿನಲ್ಲೂ ಆ ಮೂರನೇ ಸಾಲು ಇರುತ್ತದೆ. ಎಡಗೈ ಅಡ್ಡ ಇಟ್ಟುಕೊಂಡು ತುಂಬುವುದು ನನಗೆ ಬರವಣಿಗೆಯಷ್ಟೇ ರೂಢಿಯಾಗಿದೆ. ಕಮಲಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಗೆ ಮನೆ ಬದಲಿಸಿದ ಮೇಲೆ ನಮ್ಮನ್ನು ಯಾರೂ ಜಾತಿ ಕೇಳಿರಲಿಲ್ಲ. ವಹಾಬ್ ಸೇಠರಿಗೆ ಉರ್ದು ಬರುತ್ತದೆ. ಬುಕ್ಕು ಕೈಗೆ ಕೊಟ್ಟರೆ ಮೊದಲ ಪುಟವನ್ನೇ ಓದುತ್ತಾರೆ. ಅವರು ನನ್ನನ್ನು "ಮಿಸ್" ಎಂದು ಕರೆಯುತ್ತಿದ್ದರು ಮುತ್ಯಾ. ಇನ್ನೈದು ನಿಮಿಷ ಹಾಗೇ ಕರೆಯಲಿ ಅನ್ನಿಸಿತು. ಅಷ್ಟಕ್ಕೆ ಬಂದೂಕು ಹೋಯಿತು.

ನಿನಗೆ ಊರ ಮುಂದೆ ಹೆಸರು ಕೊಟ್ಟ ಪುಟವನ್ನೇ ನಾನು ಬಚ್ಚಿಟ್ಟೆ. ನಿನ್ನ ದಸರೆಯ ಕಾಗದ ಓದುವವರೆಗೆ ನನಗೆ ಬಂದೂಕು ಹೋದದ್ದಕ್ಕೆ ಸಂಕಟವಾಗುತ್ತಿತ್ತು. ಓದಿದ ಮೇಲೆ ಬೇರೆಯೇ ಸಂಕಟ. ಗಾಜಿನ ಪೆಟ್ಟಿಗೆಯದನ್ನು ತಂದುಕೊಟ್ಟರೂ ಅದು ಹೋಗುವುದಿಲ್ಲ.

ಲೈಸೆನ್ಸ್ ಬುಕ್ಕನ್ನು ಸರ್ಕಾರ ವಾಪಸು ತೆಗೆದುಕೊಳ್ಳಬಹುದು ಎಂದು ಸೇಠರು ಹೇಳಿದರು. ಬಂದೂಕಿಲ್ಲದವರಿಗೆ ಬುಕ್ಕಿಲ್ಲವಂತೆ. ಇದನ್ನು ನಿನಗೆ ಹೇಗೆ ಹೇಳಲಿ ಎಂದು ರಾತ್ರಿಯೆಲ್ಲ ಒದ್ದಾಡಿದೆ. ಈಗ ಹೇಳಿಬಿಟ್ಟೆ.

ಸ್ಟೇಟ್‌ಮೆಂಟು ಬರೆಯುತ್ತಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ಚೆನ್ನಾಗಿಯೂ ಇತ್ತು. ಹರಿದುಹಾಕಿದೆ. ನಿನ್ನೆದುರು ನಿಂತು ಜೋರಾಗಿ ಓದುತ್ತೇನೆ, ನಿನಗೆ ಒಂದೊಂದು ಮಾತೂ ತಿಳಿಯಬೇಕು. ಜಮಾದಾರರೂ ಕೇಳಲಿ, ಗೌಡರು ಬಂದಿದ್ದರೆ ಅವರೂ ಕೇಳಲಿ. "ನಾನು, ಇಂಥವರ ಮೊಮ್ಮಗಳು" ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ. ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು, ಒಂದಕ್ಷರ ಆಚೀಚೆ ಆಗಬಾರದು.

ಮುನೀರಾ, ನಿನಗೆ ಉರ್ದು ಓದಲು ಬರುತ್ತದೆ. ಮುತ್ಯಾನ ಹತ್ತಿರ ಬುಕ್ಕು ಕೇಳಿ ಇಸಕೊಂಡು ಮೊದಲ ಪುಟವನ್ನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಬರೆದು ಕಳಿಸು. ಮುತ್ಯಾನ ಹೆಸರು, ಅವನ ಅಪ್ಪನ ಹೆಸರು, ಆಮೇಲೆ ಮೂರನೇ ಸಾಲು. ನನಗೆ ಬೇಸರವಾದೀತು ಎಂದು ಅದನ್ನು ಬಿಟ್ಟುಗಿಟ್ಟೀಯೆ. ಬಿಡಬೇಡ.

ಶುಕ್ರವಾರದ ಟಪಾಲಿಗೆ ಹಾಕಿದರೆ ಶನಿವಾರ ನನ್ನ ಕೈಗೆ ಸಿಗುತ್ತದೆ. ದಯವಿಟ್ಟು ಬೇಗ ಉತ್ತರ ಬರಿ.

ಭೀಮಬಾಯಿ